ಏರುವಾಗ ಎರಡು, ಇಳಿಯುವಾಗ ಒಂದು

ಜನವರಿಯ ಒಂದು ಮುಂಜಾವು. ರಾತ್ರಿಯೆಲ್ಲ ಸುರಿದ ಹಿಮ ಈಗಷ್ಟೇ ನಿಂತಿದೆ. ಅಮೆರಿಕದ ಯೂಟಾ ರಾಜ್ಯದ ರಾಜಧಾನಿ ಸಾಲ್ಟ್ ಲೇಕ್ ಸಿಟಿಯಲ್ಲಿ ಗಂಟೆ ಏಳಾದರೂ ಸೂರ್ಯನ ಸುಳಿವಿಲ್ಲ. ಊರಿನ ಬಹುಪಾಲು ಮಂದಿ ಇನ್ನೂ ಹೊದ್ದು ಮಲಗಿದ್ದಾರೆ. ಆದರೆ ಅಲ್ಲೊಂದು ಇಲ್ಲೊಂದು ಅಡುಗೆಮನೆಯಲ್ಲಿ ದೀಪ ಹೊತ್ತಿದೆ. ಫ್ಲಾಸ್ಕಿಗೆ ಬಿಸಿ ಚಹಾ ಸುರಿಯುತ್ತಲೇ ಯಾರೋ ಆ ದಿನದ ಹಿಮಕುಸಿತದ ಮುನ್ಸೂಚನೆ ಓದುತ್ತಿದ್ದಾರೆ. ಒಮ್ಮೆಯಲ್ಲ, ಎರಡು ಸಲ. ಇವರು ಹೊರಟಿರುವುದು ಬೆಟ್ಟಕ್ಕೆ. ಯಾರೂ ತುಳಿಯದ ಹೊಸ ಹಿಮವನ್ನು ಹುಡುಕಿಕೊಂಡು.

ಹಿಮದ ಮೇಲೆ ಜಾರುವ ಆಟ ಎಲ್ಲರಿಗೂ ಗೊತ್ತು. ದುಡ್ಡು ಕೊಟ್ಟು ತೂಗುಕುರ್ಚಿಯಲ್ಲಿ ಕುಳಿತು ಮೇಲೇರುವುದು, ಹದ ಮಾಡಿಟ್ಟ ಇಳುಕಲಿನಲ್ಲಿ ಜಾರಿ ಬರುವುದು. ಆದರೆ ಈ ಬೆಳಗಿನ ಜಾವದವರ ಆಟವೇ ಬೇರೆ. ಇಲ್ಲಿ ತೂಗುಕುರ್ಚಿ ಇಲ್ಲ, ಕಾವಲುಗಾರರಿಲ್ಲ, ದಾರಿ ತೋರುವ ಫಲಕವಿಲ್ಲ. ಎರಡು ಮೂರು ಗಂಟೆ ಸ್ವಂತ ಕಾಲಿನಲ್ಲಿ ಏರಬೇಕು. ಇಳಿಯುವ ಸುಖ ಕೆಲವೇ ನಿಮಿಷಗಳದು. ಆ ಕೆಲವು ನಿಮಿಷಗಳಿಗಾಗಿ ಜನ ಏನೆಲ್ಲ ಕಲಿಯುತ್ತಾರೆ, ಏನನ್ನೆಲ್ಲ ಬಿಟ್ಟುಕೊಡುತ್ತಾರೆ ಎಂಬುದು ತಿಳಿದುಕೊಳ್ಳುವಂಥ ಸಂಗತಿ.

ಮೂವರ ಒಂದು ತಂಡವನ್ನು ಊಹಿಸಿಕೊಳ್ಳಿ. ನಲವತ್ತು ದಾಟಿದ, ಬೆಟ್ಟ ಬಲ್ಲ ಒಬ್ಬ ಮಹಿಳೆ. ಕಾಲೇಜಿನಲ್ಲಿ ಓದುತ್ತಿರುವ ಇಬ್ಬರು ಹುಡುಗರು. ಅವರ ಜೊತೆ ಹೋದರೆ ಆ ದಿನ ಹೇಗೆ ಸಾಗುತ್ತದೆ?

ಉಪ್ಪಿನ ಸರೋವರ, ಹಿಮದ ಗೋಡೆ

ಸಾಲ್ಟ್ ಲೇಕ್ ಸಿಟಿ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದಲ್ಲಿದೆ. ಊರಿನ ಪೂರ್ವಕ್ಕೆ ಗೋಡೆ ಕಟ್ಟಿದಂತೆ ವಾಸಾಚ್ ಪರ್ವತಶ್ರೇಣಿ ಎದ್ದು ನಿಂತಿದೆ; ಅದರ ಶಿಖರಗಳು 3,300 ಮೀಟರ್ ದಾಟುತ್ತವೆ. 2002ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಇಲ್ಲಿಯೇ. 2034ರ ಕೂಟವೂ ಯೂಟಾಕ್ಕೇ ಸಿಕ್ಕಿದೆ. ಊರಿನ ವಾಯವ್ಯಕ್ಕೆ ಮಹಾ ಉಪ್ಪುನೀರಿನ ಸರೋವರ. ಹಿಮಯುಗದಲ್ಲಿ ಇಲ್ಲಿ ಹರಡಿದ್ದ ಬಾನವಿಲ್ ಎಂಬ ಭಾರಿ ಸರೋವರ ಒಣಗಿ ಉಳಿದ ಶೇಷ ಅದು.

ಪೆಸಿಫಿಕ್ ಸಾಗರದಿಂದ ಹೊರಟ ಮೋಡಗಳು ಮೊದಲು ಸಿಯೆರಾ ನೆವಾಡ ಪರ್ವತಗಳನ್ನು ದಾಟುತ್ತವೆ. ಅಲ್ಲಿ ಭಾರವಾದ ತೇವದ ಬಹುಭಾಗವನ್ನು ಕಳೆದುಕೊಂಡು, ಮರುಭೂಮಿಯ ಮೇಲೆ ಸಾಗಿ, ವಾಸಾಚ್ ಗೋಡೆಗೆ ಬಂದು ತಗಲುತ್ತವೆ. ಗೋಡೆ ಅಡ್ಡ ಬಂದರೆ ಗಾಳಿ ಮೇಲೇರಲೇಬೇಕು. ಮೇಲೇರಿದ ಗಾಳಿ ತಣಿಯಲೇಬೇಕು. ಆಗುಂಬೆಯಲ್ಲಿ ಮಳೆ ಸುರಿಸುವ ನಿಯಮವೇ ಇಲ್ಲಿ ಹಿಮ ಸುರಿಸುತ್ತದೆ. ಉಪ್ಪಿನಂಶದಿಂದಾಗಿ ಸರೋವರ ಚಳಿಗಾಲದಲ್ಲೂ ಸಾಮಾನ್ಯವಾಗಿ ಹೆಪ್ಪುಗಟ್ಟುವುದಿಲ್ಲ. ಅದರ ಬೆಚ್ಚನೆಯ ಮೈಮೇಲೆ ಹಾದುಬಂದ ತಣ್ಣನೆಯ ಗಾಳಿಯೂ ತನ್ನದೊಂದು ಸಣ್ಣ ಪಾಲು ಸೇರಿಸುತ್ತದೆ. ಈ ಶ್ರೇಣಿಯ ಆಲ್ಟಾ ಎಂಬಲ್ಲಿ ಒಂದು ಚಳಿಗಾಲದಲ್ಲಿ ಸರಾಸರಿ ಸುಮಾರು 13 ಮೀಟರ್ ಹಿಮ ಬೀಳುತ್ತದೆ. ಅಂದರೆ ನಾಲ್ಕು ಅಂತಸ್ತಿನ ಕಟ್ಟಡದ ಎತ್ತರ! ಯೂಟಾದ ಮೋಟಾರು ವಾಹನಗಳ ನಂಬರ್ ಫಲಕದ ಮೇಲೆ ‘ಭೂಮಿಯ ಮೇಲಿನ ಸರ್ವಶ್ರೇಷ್ಠ ಹಿಮ’ ಎಂಬ ಒಕ್ಕಣೆಯೇ ಇರುವುದುಂಟು.

ಗರಗಸಕ್ಕೆ ಸಿಕ್ಕ ಹಲಗೆ

ನಮ್ಮ ತಂಡದ ಕಾರು ಬಿಗ್ ಕಾಟನ್‌ವುಡ್ ಕಣಿವೆಯನ್ನು ಏರಿ, ಮಿಲ್ ಡಿ ನಾರ್ತ್ ಎಂಬ ಕವಲು ಕಣಿವೆಯ ಬಾಯಲ್ಲಿ ನಿಂತಿದೆ. ಎತ್ತರ ಸುಮಾರು 2,200 ಮೀಟರ್. ಡಿಕ್ಕಿಯಿಂದ ಹೊರಬಂದದ್ದು ಮೂರು ವಿಚಿತ್ರ ಹಲಗೆಗಳು. ನೋಡಿದರೆ ಸಾಮಾನ್ಯ ಸ್ನೋಬೋರ್ಡ್. ಆದರೆ ನಡುವೆ ಉದ್ದಕ್ಕೂ ಒಂದು ಸೀಳು. ಕೊಕ್ಕೆಗಳನ್ನು ಕಳಚಿದರೆ ಹಲಗೆ ಎರಡು ಹೋಳಾಗುತ್ತದೆ. ಒಂದೊಂದು ಕಾಲಿಗೆ ಒಂದೊಂದು ಹೋಳು ಕಟ್ಟಿಕೊಂಡು ಬೆಟ್ಟ ಏರುವುದು. ಮೇಲೆ ಹೋಗಿ ಎರಡನ್ನೂ ಕೂಡಿಸಿ ಒಂದೇ ಹಲಗೆಯ ಮೇಲೆ ನಿಂತು ಇಳಿಯುವುದು. ಇದೇ ಸ್ಪ್ಲಿಟ್‌ಬೋರ್ಡ್.

ಇದರ ಹಿಂದಿನ ಕಥೆ ಸೊಗಸಾಗಿದೆ. 1965ರ ಕ್ರಿಸ್‌ಮಸ್ ದಿನ ಮಿಷಿಗನ್ ರಾಜ್ಯದ ಶರ್ಮನ್ ಪಾಪ್ಪೆನ್ ಎಂಬ ಎಂಜಿನಿಯರ್ ತನ್ನ ಮಕ್ಕಳ ಆಟಕ್ಕೆಂದು ಎರಡು ಹಿಮಜಾರು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಜೋಡಿಸಿದ. ಇಂದಿನ ಸ್ನೋಬೋರ್ಡಿನ ಪೂರ್ವಜ ಅದು. ಆಟ ಬೆಳೆಯಿತು. ಆದರೆ ಎರಡೂ ಕಾಲನ್ನು ಒಂದೇ ಹಲಗೆಗೆ ಕಟ್ಟಿಕೊಂಡವನು ಬೆಟ್ಟ ಏರುವುದು ಹೇಗೆ? ಹಲಗೆಯನ್ನು ಬೆನ್ನಿಗೆ ಹೊತ್ತು ಸೊಂಟದವರೆಗೆ ಹುಗಿಯುತ್ತ ನಡೆಯಬೇಕಿತ್ತು. 1990ರ ದಶಕದ ಆರಂಭದಲ್ಲಿ ಯೂಟಾದ ಬ್ರೆಟ್ ಕೋಬರ್ನಿಕ್ ಎಂಬ ತರುಣ ಒಳ್ಳೆಯ ಹಲಗೆಯೊಂದನ್ನು ಗರಗಸದಿಂದ ಉದ್ದಕ್ಕೆ ಸೀಳಿಯೇಬಿಟ್ಟ! ಸಾಲ್ಟ್ ಲೇಕ್ ಸಿಟಿಯ ವ್ವಾಲೆ ಎಂಬ ಸಂಸ್ಥೆ ಆ ಉಪಾಯವನ್ನು ಮಾರಾಟಕ್ಕೆ ತಂದಿತು. ಮೊದಮೊದಲು ಅವರು ಮಾರಿದ್ದು ಹಲಗೆಯನ್ನಲ್ಲ, ನಿಮ್ಮ ಹಲಗೆಯನ್ನು ನೀವೇ ಕೊಯ್ದುಕೊಳ್ಳಲು ಬೇಕಾದ ಬಿಡಿಭಾಗಗಳನ್ನು. ಒಬ್ಬ ಎರಡನ್ನು ಒಂದು ಮಾಡಿದ. ಇನ್ನೊಬ್ಬ ಒಂದನ್ನು ಎರಡು ಮಾಡಿದ. ಎರಡೂ ಆವಿಷ್ಕಾರವೇ.

ಇನ್ನು ಜಾರುವ ಹಲಗೆ ಮೇಲೇರುವಾಗ ಹಿಂದಕ್ಕೆ ಜಾರದೇ? ಅದಕ್ಕೂ ಉಪಾಯವುಂಟು. ಹಲಗೆಯ ತಳಕ್ಕೆ ಉದ್ದನೆಯ ಪಟ್ಟಿಯೊಂದನ್ನು ಅಂಟಿಸುತ್ತಾರೆ. ಹಿಂದೆ ಇದನ್ನು ಸೀಲ್ ಪ್ರಾಣಿಯ ಚರ್ಮದಿಂದ ಮಾಡುತ್ತಿದ್ದರು. ಈಗ ನೈಲಾನ್ ಅಥವಾ ಅಂಗೋರಾ ಮೇಕೆಯ ಕೂದಲು. ಬೆಕ್ಕಿನ ಮೈಯನ್ನು ತಲೆಯಿಂದ ಬಾಲದ ಕಡೆಗೆ ಸವರಿದರೆ ನುಣುಪು. ಬಾಲದಿಂದ ತಲೆಯ ಕಡೆಗೆ ಸವರಿದರೆ ಒರಟು. ಈ ಪಟ್ಟಿಯೂ ಅಷ್ಟೆ. ಮುಂದಕ್ಕೆ ತಳ್ಳಿದರೆ ಜಾರುತ್ತದೆ, ಹಿಂದಕ್ಕೆ ಎಳೆದರೆ ಕಚ್ಚಿ ಹಿಡಿಯುತ್ತದೆ.

ಏರುವ ಹಾದಿ

ಹೊರಡುವ ಮುನ್ನ ಒಂದು ವಿಧಿ ತಪ್ಪುವಂತಿಲ್ಲ. ಪ್ರತಿಯೊಬ್ಬರ ಎದೆಗೂ ಬೀಕನ್ ಎಂಬ ಪುಟ್ಟ ಯಂತ್ರ ಕಟ್ಟಿರುತ್ತದೆ. ಅದು 457 ಕಿಲೋಹರ್ಟ್ಜ್ ಆವರ್ತಾಂಕದಲ್ಲಿ ಸದಾ ಸಂಕೇತ ಹೊರಡಿಸುತ್ತಿರುತ್ತದೆ; ನಮ್ಮ ರೇಡಿಯೊದ ಮೀಡಿಯಂ ವೇವ್ ಪಟ್ಟಿಗಿಂತ ತುಸು ಕೆಳಗೆ. ಯಾರಾದರೂ ಹಿಮದಡಿ ಹೂತುಹೋದರೆ ಉಳಿದವರು ತಮ್ಮ ಯಂತ್ರವನ್ನು ಹುಡುಕುವ ಸ್ಥಿತಿಗೆ ತಿರುಗಿಸಿ, ಸಂಕೇತದ ಜಾಡು ಹಿಡಿದು, ಉದ್ದನೆಯ ಸರಳಿನಿಂದ ಚುಚ್ಚಿ ನೋಡಿ, ಸಲಿಕೆಯಿಂದ ಅಗೆಯಬೇಕು. ಸರಳು, ಸಲಿಕೆ ಎಲ್ಲರ ಬೆನ್ನಚೀಲದಲ್ಲೂ ಇವೆ. ಆ ಮಹಿಳೆ ಒಬ್ಬೊಬ್ಬರ ಬೀಕನನ್ನೂ ಪರೀಕ್ಷಿಸಿದ ಮೇಲೆಯೇ ಹೆಜ್ಜೆ ಮುಂದೆ.

ಮೊದಲು ಆಸ್ಪೆನ್ ಮರಗಳ ತೋಪು. ಎಲೆ ಉದುರಿ ಬಿಳಿಕಾಂಡಗಳು ಮಾತ್ರ ನಿಂತಿವೆ. ಹತ್ತಿರದಿಂದ ನೋಡಿದರೆ ಆ ಬಿಳುಪಿನೊಳಗೆ ತೆಳುಹಸಿರು. ತೊಗಟೆಯಲ್ಲೇ ಪತ್ರಹರಿತ್ತು ಇರುವುದರಿಂದ ಎಲೆಯಿಲ್ಲದ ಕಾಲದಲ್ಲೂ ಈ ಮರ ಒಂದಿಷ್ಟು ಬಿಸಿಲನ್ನು ಉಣ್ಣಬಲ್ಲದು. ಅಲ್ಲಲ್ಲಿ ಮೂಸ್ ಎಂಬ ಭಾರಿ ಜಿಂಕೆಯ ಆಳವಾದ ಹೆಜ್ಜೆಗುರುತು. ಉಳಿದಂತೆ ಎಲ್ಲೆಲ್ಲೂ ಮೌನ. ಹೊಸ ಹಿಮದ ಸಣ್ಣ ಸಣ್ಣ ಸಂದುಗಳಲ್ಲಿ ತುಂಬಿರುವ ಗಾಳಿ ಸದ್ದನ್ನು ನುಂಗುತ್ತದೆ. ಹತ್ತು ಮಾರು ಮುಂದಿರುವವನನ್ನು ಕರೆಯಲೂ ದನಿ ಎತ್ತಬೇಕು.

ಮುಂದೆ ನಡೆಯುವವನ ಪಾಡು ಕಷ್ಟ. ಆತ ಮೊಣಕಾಲುದ್ದ ಹಿಮವನ್ನು ಸೀಳಿ ದಾರಿ ಮಾಡಬೇಕು. ಸರದಿಯಂತೆ ಜಾಗ ಬದಲಾಗುತ್ತದೆ. ಹಲಗೆಯಿಂದ ಕೆಳಗಿಳಿದು ನಿಂತು ನೋಡಿದರೆ ಸೊಂಟದವರೆಗೆ ಹೂತುಹೋಗುತ್ತಾರೆ. ಇದು ಎಂಟನೆಯ ತರಗತಿಯ ಲೆಕ್ಕ: ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಒಂದು ಬೂಟಿನ ಅಡಿ ಸುಮಾರು 250 ಚದರ ಸೆಂಟಿಮೀಟರ್. ಇಡೀ ಹಲಗೆ ಸುಮಾರು 4,000. ಅದೇ ಮನುಷ್ಯ, ಅದೇ ತೂಕ. ಒತ್ತಡ ಮಾತ್ರ ಹದಿನಾರರಲ್ಲಿ ಒಂದು ಪಾಲು!

ಪುಡಿಹಿಮದ ಗುಟ್ಟು

ಯಾಕೆ ಇಷ್ಟೆಲ್ಲ ಪಾಡು? ‘ಪೌಡರ್’ ಎಂದು ಅಲ್ಲಿನವರು ಕರೆಯುವ ಪುಡಿಹಿಮಕ್ಕಾಗಿ. ಎಲ್ಲ ಹಿಮವೂ ಪುಡಿಹಿಮವಲ್ಲ. ಮೋಡದೊಳಗಿನ ಉಷ್ಣತೆ ಸೊನ್ನೆಗಿಂತ ಸುಮಾರು 15 ಡಿಗ್ರಿ ಕೆಳಗಿದ್ದಾಗ ನೀರಾವಿ ನೇರವಾಗಿ ಆರು ತೋಳುಗಳ ನಕ್ಷತ್ರಗಳಾಗಿ ಬೆಳೆಯುತ್ತದೆ. ಉಷ್ಣತೆ ಬದಲಾದರೆ ಆಕಾರವೂ ಬದಲಾಗುತ್ತದೆ: ಒಮ್ಮೆ ಸೂಜಿ, ಒಮ್ಮೆ ಬಿಲ್ಲೆ, ಒಮ್ಮೆ ಕಂಬ. ಜಪಾನಿನ ವಿಜ್ಞಾನಿ ಉಕಿಚಿರೊ ನಕಾಯ 1936ರಲ್ಲಿ ಮೊದಲ ಬಾರಿಗೆ ಪ್ರಯೋಗಶಾಲೆಯಲ್ಲಿ ಹಿಮದ ಹರಳನ್ನು ಬೆಳೆಸಿ ಈ ಸಂಬಂಧವನ್ನು ತೋರಿಸಿಕೊಟ್ಟರು. ಹರಳು ಕುಳಿತುಕೊಳ್ಳಲು ಅವರು ಬಳಸಿದ್ದು ಮೊಲದ ಒಂದು ಕೂದಲು!

ತೋಳುಗಳಿರುವ ನಕ್ಷತ್ರಗಳು ಒಂದರ ಮೇಲೊಂದು ಬಿದ್ದಾಗ ನಡುವೆ ಬೇಕಾದಷ್ಟು ಗಾಳಿ ಉಳಿಯುತ್ತದೆ. ಆಲ್ಟಾದಲ್ಲಿ ಬಿದ್ದ 100 ಸೆಂಟಿಮೀಟರ್ ಹೊಸ ಹಿಮವನ್ನು ಕರಗಿಸಿದರೆ ಸರಾಸರಿ ಸಿಗುವುದು ಎಂಟೊಂಬತ್ತು ಸೆಂಟಿಮೀಟರ್ ನೀರು. ಉಳಿದದ್ದೆಲ್ಲ ಗಾಳಿ. ಬಿರುಗಾಳಿ ಶುರುವಾಗುವಾಗ ತುಸು ಬೆಚ್ಚಗಿದ್ದು ಕೊನೆಗೆ ಕೊರೆಯುವ ಚಳಿಯಾದರೆ ಇನ್ನೂ ಒಳ್ಳೆಯದು. ಆಗ ಭಾರದ ಹಿಮ ಕೆಳಗೆ, ಹತ್ತಿಯಂಥದು ಮೇಲೆ. ಹಲಗೆ ಮುಳುಗಿಯೂ ಮುಳುಗದಂತೆ ತೇಲುತ್ತದೆ.

ಸಾಸಿವೆಯ ಮೇಲಿನ ಚಪ್ಪಡಿ

ಇಷ್ಟು ಹೊತ್ತಿಗೆ ತಂಡ 2,700 ಮೀಟರ್ ತಲುಪಿದೆ. ಎದುರಿಗೆ ಮರಗಳಿಲ್ಲದ, ಒಂದೂ ಗೆರೆ ಬೀಳದ, ಬಿಸಿಲಿಗೆ ಹೊಳೆಯುವ ಇಳುಕಲು. ಹುಡುಗರ ಕಣ್ಣು ಅದರ ಮೇಲೆಯೇ ನೆಟ್ಟಿದೆ. ಆದರೆ ಮಹಿಳೆ ಹಲಗೆಗಳನ್ನು ಕೂಡಿಸಲು ಹೇಳುವುದಿಲ್ಲ, ಸಲಿಕೆ ತೆಗೆಯುತ್ತಾರೆ.

ಹಿಮಕುಸಿತ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಸಿಯಾಚಿನ್. 2016ರ ಫೆಬ್ರುವರಿ 3ರಂದು ಸುಮಾರು 19,600 ಅಡಿ ಎತ್ತರದ ನೆಲೆಯಲ್ಲಿ ಹತ್ತು ಮಂದಿ ಯೋಧರು ಹಿಮದಡಿ ಸಿಕ್ಕಿದರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಆರು ದಿನಗಳ ನಂತರ ಜೀವಂತ ಸಿಕ್ಕಾಗ ನಾಡೇ ಪ್ರಾರ್ಥಿಸಿತು. ಫೆಬ್ರುವರಿ 11ರಂದು ಅವರೂ ಹೊರಟುಹೋದರು. ಅವರು ಅಲ್ಲಿದ್ದದ್ದು ಕರ್ತವ್ಯಕ್ಕಾಗಿ. ವಾಸಾಚ್‌ನಲ್ಲಿ ಬೆಟ್ಟ ಏರುವವರು ಹೋಗುವುದು ಸಂತೋಷಕ್ಕಾಗಿ. ಆದರೆ ಹಿಮಕ್ಕೆ ಈ ಭೇದ ತಿಳಿಯದು. ಹೀಗೆ ಆಟಕ್ಕೆ ಹೋಗಿ ಸಿಕ್ಕಿಬಿದ್ದವರಲ್ಲಿ ಹತ್ತರಲ್ಲಿ ಒಂಬತ್ತು ಸಲ ಹಿಮವನ್ನು ಕೆಡವಿದ್ದು ಅವರೇ ಅಥವಾ ಅವರ ತಂಡದವರೇ. ಹೂತುಹೋದವರನ್ನು ಹತ್ತು ನಿಮಿಷದೊಳಗೆ ಹೊರತೆಗೆದರೆ ಬಹುತೇಕರು ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಬಹುತೇಕರು ಬದುಕುವುದಿಲ್ಲ. ದೂರದ ಊರಿನಿಂದ ನೆರವು ಬರುವಷ್ಟು ಸಮಯ ಅಲ್ಲಿಲ್ಲ. ಜೊತೆಗಿರುವ ಗೆಳೆಯನೇ ವೈದ್ಯ, ಅವನೇ ಪೊಲೀಸು, ಅವನೇ ಅಗ್ನಿಶಾಮಕ.

ಕುಸಿತ ಆಗುವುದು ಹೇಗೆ? ಚಳಿಗಾಲದ ಆರಂಭದಲ್ಲಿ ತೆಳುವಾಗಿ ಹಿಮ ಬಿದ್ದು, ಆಮೇಲೆ ವಾರಗಟ್ಟಲೆ ಬರಿ ಚಳಿ ಇತ್ತೆನ್ನಿ. ನೆಲದ ಬಳಿ ಉಷ್ಣತೆ ಸೊನ್ನೆ ಡಿಗ್ರಿ. ಮೇಲ್ಮೈಯಲ್ಲಿ ಸೊನ್ನೆಗಿಂತ ಹದಿನೈದಿಪ್ಪತ್ತು ಕೆಳಗೆ. ಈ ಅಂತರದಿಂದ ನೀರಾವಿ ಹಿಮದೊಳಗೇ ಕೆಳಗಿನಿಂದ ಮೇಲಕ್ಕೆ ಸರಿಯುತ್ತದೆ. ಹಳೆಯ ಹರಳುಗಳು ಕರಗದೆಯೇ ರೂಪ ಬದಲಿಸಿ, ಮೂಲೆಗಳಿರುವ ದಪ್ಪ ಕಾಳುಗಳಾಗುತ್ತವೆ. ಕೈಯಲ್ಲಿ ಹಿಡಿದರೆ ಸಕ್ಕರೆಯಂತೆ ಸುರಿದುಹೋಗುತ್ತವೆ, ಉಂಡೆ ಕಟ್ಟುವುದಿಲ್ಲ. ಇದರ ಮೇಲೆ ಹೊಸ ಹಿಮ ಬಿದ್ದು ಗಟ್ಟಿಯಾಗಿ ಕೂತರೆ, ಸಾಸಿವೆ ಕಾಳು ಹರಡಿ ಅದರ ಮೇಲೆ ಕಲ್ಲಿನ ಚಪ್ಪಡಿ ಇಟ್ಟು ಓರೆ ಮಾಡಿದಂತೆ. ಒಬ್ಬ ಮನುಷ್ಯನ ಭಾರ ಸಾಕು, ಇಡೀ ಇಳುಕಲು ಗಾಜಿನಂತೆ ಬಿರಿದು ಹೊರಡುತ್ತದೆ.

2021ರ ಫೆಬ್ರುವರಿ 6ರಂದು ಪಕ್ಕದ ಮಿಲ್ ಕ್ರೀಕ್ ಕಣಿವೆಯಲ್ಲಿ ನಡೆದದ್ದು ಇದೇ. ಪರಸ್ಪರ ಪರಿಚಯವಿಲ್ಲದ ಎರಡು ತಂಡಗಳು ಒಂದೇ ಇಳುಕಲಿನಲ್ಲಿದ್ದವು. ಅವರಾರೂ ಹೊಸಬರಲ್ಲ, ಸಲಕರಣೆಗಳ ಕೊರತೆಯೂ ಇರಲಿಲ್ಲ. ಬದುಕುಳಿದವರು ಅಗೆದು ಅಗೆದು ಕೆಲವರನ್ನು ಜೀವಂತ ಹೊರತೆಗೆದರು. ಆದರೂ ನಾಲ್ವರು ಸತ್ತರು. ಆ ವರ್ಷದ ಆರಂಭದ ಹಿಮ ತಳದಲ್ಲಿ ಸಕ್ಕರೆಯಾಗಿ ಕಾದು ಕುಳಿತಿತ್ತು.

ಅದಕ್ಕೇ ಈ ಅಗೆತ. ಕಡಿದಾದ ಇಳುಕಲಿನಿಂದ ದೂರವಿರುವ, ಅದೇ ದಿಕ್ಕಿಗೆ ಮುಖ ಮಾಡಿದ ಪುಟ್ಟ ಜಾಗವೊಂದನ್ನು ಆರಿಸಿ ಹೊಂಡ ತೋಡುತ್ತಾರೆ. ಹೊಂಡದ ಗೋಡೆಯಲ್ಲಿ ಇಡೀ ಚಳಿಗಾಲದ ಚರಿತ್ರೆ ಪದರ ಪದರವಾಗಿ ಕಾಣುತ್ತದೆ. 90 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ದಪ್ಪದ ದಿಂಡೊಂದನ್ನು ಕತ್ತರಿಸಿ ಬಿಡಿಸಿ, ಅದರ ಒಂದು ತುದಿಯಲ್ಲಿ ಸಲಿಕೆ ಇಟ್ಟು ತಟ್ಟುವುದು ಪರೀಕ್ಷೆ. ಮೊದಲು ಮಣಿಕಟ್ಟಿನಿಂದ ಹತ್ತು ಸಲ ಮೆಲ್ಲಗೆ, ಆಮೇಲೆ ಮೊಣಕೈಯಿಂದ ಹತ್ತು, ಕೊನೆಗೆ ಭುಜದಿಂದ ಹತ್ತು. ಹದಿಮೂರನೆಯ ತಟ್ಟಿಗೆ ದಿಂಡಿನ ತಳದಲ್ಲಿ ಬಿರುಕು ಮೂಡಿ, ಸರ್ರನೆ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಮೇಲಿನ ಚಪ್ಪಡಿ ಮಹಿಳೆಯ ಮಡಿಲಿಗೇ ಜಾರಿ ಬೀಳುತ್ತದೆ.

ಯಾರೂ ಮಾತಾಡುವುದಿಲ್ಲ.

ಬಿಟ್ಟುಕೊಟ್ಟ ಇಳುಕಲು

ಬೆಳಗಿನ ಮುನ್ಸೂಚನೆಯೂ ಇದನ್ನೇ ಹೇಳಿತ್ತು. ಅಪಾಯದ ಐದು ಮೆಟ್ಟಿಲುಗಳಲ್ಲಿ ಅಂದಿನದು ಮೂರನೆಯದು, ‘ಗಣನೀಯ’. ನಾಲ್ಕು, ಐದು ಎಂದರೆ ಜನ ಹೆದರಿ ಮನೆಯಲ್ಲಿರುತ್ತಾರೆ. ಮೂರು ಎಂದಾಗ ‘ನೋಡೋಣ’ ಎಂದು ಹೊರಡುತ್ತಾರೆ. ಆದ್ದರಿಂದಲೇ ಈ ಮೂರನೆಯ ಮೆಟ್ಟಿಲು ಮೋಸದ್ದು.

ಹುಡುಗರಲ್ಲಿ ಒಬ್ಬ ವಾದಿಸುತ್ತಾನೆ: ‘ಆಚೆ ಏಣಿನ ಪಕ್ಕದಲ್ಲಿ ನಿನ್ನೆ ಯಾರೋ ಇಳಿದ ಗುರುತಿದೆಯಲ್ಲ, ಏನೂ ಆಗಿಲ್ಲ.’ ಮಹಿಳೆ ಉತ್ತರ ಕೊಡದೆ ಕೋನಮಾಪಕ ತೆಗೆದು ಇಳುಕಲಿನತ್ತ ಹಿಡಿಯುತ್ತಾರೆ. 37 ಡಿಗ್ರಿ. ಚಪ್ಪಡಿ ಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿಯ ನಡುವೆ. ಜಾರಲು ತುಂಬ ಸೊಗಸಾದ ಇಳುಕಲುಗಳೂ ಅವೇ! ಕುಸಿಯಲು ಬೇಕಾದ್ದು ಹೊಸ ಹಿಮ; ಕುಣಿಯಲು ಬೇಕಾದ್ದೂ ಹೊಸ ಹಿಮ. ಸುಖ ಇರುವಲ್ಲೇ ಅಪಾಯವೂ ಕೂತಿದೆ.

ತಂಡ ತಿರುಗುತ್ತದೆ. ಮತ್ತೆ ಅರ್ಧ ಗಂಟೆ ನಡೆದು ಇನ್ನೊಂದು ಏಣಿಗೆ ಬರುತ್ತಾರೆ. ಇಲ್ಲಿ ಆಸ್ಪೆನ್ ಮರಗಳ ನಡುವೆ 25 ಡಿಗ್ರಿಯ ಸೌಮ್ಯ ಇಳುಕಲು. ಮೇಲೆ ತೂಗಿ ನಿಂತ ಕಡಿದಾದ ಗೋಡೆಯೂ ಇಲ್ಲ. ಅದನ್ನು ನೋಡಿಕೊಳ್ಳುವುದು ಮುಖ್ಯ. ತಗ್ಗಿನಲ್ಲಿ ನಡೆಯುವವನ ಭಾರಕ್ಕೆ ಮೇಲಿನ ಕಡಿದು ಭಾಗ ಕುಸಿದು ಬಂದದ್ದುಂಟು. ಪಟ್ಟಿಗಳನ್ನು ಕಿತ್ತು ಮಡಿಚುತ್ತಾರೆ. ಎರಡು ಹೋಳುಗಳು ಕೂಡಿ ಒಂದಾಗುತ್ತವೆ. ಕೊಕ್ಕೆಗಳು ಕಟ್ ಕಟ್ ಎಂದು ಬಿಗಿಯುತ್ತವೆ. ಒಬ್ಬೊಬ್ಬರಾಗಿ ಇಳಿಯುವುದು ನಿಯಮ; ಉಳಿದವರು ಕಣ್ಣು ಕೀಲಿಸಿ ನೋಡುತ್ತಿರಬೇಕು.

ಮೊದಲ ಹುಡುಗ ಹೊರಡುತ್ತಾನೆ. ಸದ್ದೇ ಇಲ್ಲ. ಹಲಗೆ ಕಾಣುವುದಿಲ್ಲ; ಮೊಣಕಾಲಿನವರೆಗೆ ಬಿಳಿ ಮೋಡ. ತಿರುವಿದಾಗಲೆಲ್ಲ ಹಿಮ ಎದೆಯವರೆಗೆ ಚಿಮ್ಮಿ ಮುಖಕ್ಕೆ ರಾಚುತ್ತದೆ, ಬಿಸಿಲಿಗೆ ಮಿನುಗಿ ಮೆಲ್ಲಗೆ ಇಳಿಯುತ್ತದೆ. ಒಂದು ಎಡ, ಒಂದು ಬಲ, ಮರದ ಸಂದಿನಲ್ಲಿ ಮತ್ತೊಂದು ಎಡ. ಎರಡೂವರೆ ಗಂಟೆಯ ಏರು ನಾಲ್ಕೈದು ನಿಮಿಷದಲ್ಲಿ ಕರಗಿಹೋಗುತ್ತದೆ. ಕೆಳಗೆ ನಿಂತ ಆತ ಕೈಯೆತ್ತಿ ಕೂಗುತ್ತಾನೆ. ಕೂಗು ಮೇಲಿನವರಿಗೆ ಕೇಳಿಸುವುದಿಲ್ಲ. ಹಿಮ ಅದನ್ನೂ ನುಂಗಿದೆ. ಎತ್ತಿದ ಕೈ ಮಾತ್ರ ಕಾಣುತ್ತದೆ.

ಅಂಕ ಕೊಡದ ಪರೀಕ್ಷೆ

ಸಂಜೆ ಕಾರಿನ ಬಳಿ ಬರುವಾಗ ತೊರೆಯೊಂದು ಹಿಮದಡಿ ಜುಳುಗುಟ್ಟುತ್ತಿದೆ. ಈ ಕಣಿವೆಯ ನೀರನ್ನು ಸಾಲ್ಟ್ ಲೇಕ್ ಸಿಟಿಯ ಜನ ಕುಡಿಯುತ್ತಾರೆ. ಅದಕ್ಕೇ ಇಲ್ಲಿಗೆ ನಾಯಿಗಳನ್ನು ಕರೆತರುವಂತಿಲ್ಲ. ಈ ದಿನ ಆಟವಾದ ಹಿಮ ಬೇಸಗೆಯಲ್ಲಿ ನಲ್ಲಿಯ ನೀರು. ಉಳಿದದ್ದು ಉಪ್ಪಿನ ಸರೋವರಕ್ಕೆ ಸೇರಬೇಕು. ಆದರೆ ದಾರಿಯಲ್ಲೇ ಬಳಕೆಯಾಗಿ ಸರೋವರ ಕುಗ್ಗುತ್ತಿದೆ. 2022ರಲ್ಲಿ ಅದು ದಾಖಲೆಯ ಕೆಳಮಟ್ಟ ಮುಟ್ಟಿತು. ಒಣಗಿದ ತಳದ ಧೂಳು ಗಾಳಿಗೆದ್ದು ಬೆಟ್ಟದ ಹಿಮದ ಮೇಲೆ ಕೂತರೆ, ಮಾಸಿದ ಹಿಮ ಹೆಚ್ಚು ಬಿಸಿಲು ಹೀರಿ ಬೇಗ ಕರಗುತ್ತದೆ. ಸರೋವರ ಬೆಟ್ಟಕ್ಕೆ ಹಿಮ ಕೊಡುತ್ತದೆ, ಬೆಟ್ಟ ಸರೋವರಕ್ಕೆ ನೀರು ಕೊಡುತ್ತದೆ. ಕೊಡುಕೊಳ್ಳುವಿಕೆ ಕೆಟ್ಟರೆ ಇಬ್ಬರೂ ಬಡವರು.

ಕಾರು ಇಳಿಯುತ್ತಿರುವಾಗ ಹುಡುಗ ಕೊನೆಗೂ ಕೇಳುತ್ತಾನೆ: ‘ಆ ದೊಡ್ಡ ಇಳುಕಲು ಇವತ್ತು ನಿಜವಾಗಿ ಕುಸಿಯುತ್ತಿತ್ತೇ?’

‘ಗೊತ್ತಿಲ್ಲ. ಬಹುಶಃ ಕುಸಿಯುತ್ತಿರಲಿಲ್ಲ’ ಎನ್ನುತ್ತಾರೆ ಆಕೆ.

ಈ ಆಟದ ಅತ್ಯಂತ ಕಠಿಣ ಪಾಠ ಇದೇ. ಅಪಾಯದ ದಿನಗಳಲ್ಲೂ ಹೆಚ್ಚಿನ ಇಳುಕಲುಗಳು ಕುಸಿಯುವುದಿಲ್ಲ. ತಪ್ಪು ನಿರ್ಧಾರ ಮಾಡಿದವನೂ ಅನೇಕ ಸಲ ನಗುತ್ತ ಮನೆಗೆ ಬರುತ್ತಾನೆ, ತಾನು ಮಾಡಿದ್ದೇ ಸರಿಯೆಂದು ನಂಬುತ್ತಾನೆ. ಸರಿಯಾಗಿ ಹಿಂದಿರುಗಿದವನಿಗೆ ‘ನೀನು ಸರಿ’ ಎಂದು ಹೇಳುವವರು ಯಾರೂ ಇಲ್ಲ. ಗಣಿತದ ಪರೀಕ್ಷೆಯಲ್ಲಿ ವಿಧಾನ ತಪ್ಪಿದ್ದು ಉತ್ತರ ಮಾತ್ರ ಅದೃಷ್ಟದಿಂದ ಸರಿ ಬಂದರೆ ಮೇಷ್ಟ್ರು ಅಂಕ ಕಳೆಯುತ್ತಾರೆ. ಬೆಟ್ಟ ಹಾಗೆ ಮಾಡುವುದಿಲ್ಲ. ಎಷ್ಟೋ ಸಲ ತಪ್ಪು ವಿಧಾನಕ್ಕೂ ಪೂರ್ತಿ ಅಂಕ ಕೊಟ್ಟು ಕಳಿಸುತ್ತದೆ. ಒಂದು ದಿನ ಎಲ್ಲವನ್ನೂ ಒಟ್ಟಿಗೆ ಕಳೆಯುತ್ತದೆ. ಆದ್ದರಿಂದ ಅಲ್ಲಿ ವಿಧಾನವನ್ನು ತಾವೇ ತಿದ್ದಿಕೊಳ್ಳಬೇಕು, ಯಾರೂ ನೋಡದಿದ್ದರೂ.

ಮಕ್ಕಳು ಸಾಹಸಕ್ಕೆ ಹೊರಟಾಗ ತಂದೆತಾಯಿಗಳ ಎದೆ ಡವಗುಟ್ಟುವುದು ಸಹಜ. ಬೇಡ ಎನ್ನುವುದು ಸುಲಭ, ಹೋಗು ಎನ್ನುವುದೂ ಸುಲಭ. ಓದಿ, ಅಗೆದು, ಅಳೆದು, ಆಸೆಯ ಎದುರಿಗೇ ನಿಂತು ತಿರುಗಿ ಬರುವುದನ್ನು ಕಲಿಸುವುದು ಕಷ್ಟ. ಆ ದಿನ ಇಬ್ಬರು ಹುಡುಗರು ಅದನ್ನು ಕಲಿತು ಬಂದರು. ಕಾರಿನ ಹಿಂದೆ, ಇಳಿಬಿಸಿಲಲ್ಲಿ, ಆ ದೊಡ್ಡ ಇಳುಕಲು ಒಂದೂ ಗೆರೆಯಿಲ್ಲದೆ ಹಾಗೆಯೇ ಹೊಳೆಯುತ್ತಿತ್ತು.